ಅಪಾಯದ ಮರ ಕಡಿಯೋದು: ತಪ್ಪು ಎಲ್ಲೆಲ್ಲಿ ಆಗತ್ತೆ, ಆದ ತಪ್ಪನ್ನ ಮೋಟು ನೋಡಿ ಹೇಗೆ ಕಲಿಯೋದು

ಮರ ಉರುಳಿದ ತಕ್ಷಣ ಎಲ್ಲರೂ ಬಿದ್ದ ಮರದ ಹತ್ರ ಓಡ್ತಾರೆ, ಮನೆ ಹಂಚು ಉಳೀತಾ, ಅಡಿಕೆ ಗಿಡ ಎಷ್ಟು ಹೋಯ್ತು ಅಂತ ನೋಡ್ತಾರೆ. ನೆಲದಲ್ಲಿ ಉಳಿದ ಮೋಟನ್ನ ಮಾತ್ರ ಯಾರೂ ತಿರುಗಿ ನೋಡಲ್ಲ. ಆದ್ರೆ ಆ ಕೆಲಸದಲ್ಲಿ ಏನು ಸರಿಯಾಯ್ತು, ಏನು ತಪ್ಪಾಯ್ತು ಅನ್ನೋದೆಲ್ಲ ಇರೋದು ಅದರ ಮೇಲೇನೇ. ಮರ ಅಂದ್ಕೊಂಡ ಕಡೆನೇ ಬಿತ್ತು ಅಂದ್ರೆ ಕೆಲಸ ಸರಿಯಾಗಿತ್ತು ಅಂತ ಅರ್ಥ ಅಲ್ಲ, ಎಷ್ಟೋ ಸಲ ತಪ್ಪು ಕೊಯ್ತದಲ್ಲೂ ಮರ ನೆಟ್ಟಗೆ ಬೀಳತ್ತೆ, ಕೊಯ್ದವರು ಅದೇ ಸರಿ ಅಂದ್ಕೊಂಡು ಮುಂದಿನ ಮರಕ್ಕೂ ಹಾಗೇ ಮಾಡ್ತಾರೆ, ಆ ಮುಂದಿನ ಮರ ಒಳಗೆ ಲಡ್ಡಾಗಿದ್ರೆ, ಅಂದ್ರೆ ಕೊಳೆತು ಹೋಗಿದ್ರೆ, ಅಲ್ಲಿ ಜೀವ ಹೋಗತ್ತೆ.

ಮಲೆನಾಡು, ಕರಾವಳಿ, ಕೊಡಗಿನ ಮನೆ ಹಿತ್ತಲು ಮತ್ತು ತೋಟಗಳನ್ನ ತಲೇಲಿ ಇಟ್ಕೊಂಡು ಇದನ್ನ ಬರೀತಿದೀನಿ. ಓದಿ ಇವತ್ತೇ ಮರ ಕೊಯ್ಯೋ ಚೈನ್ ಮೆಷಿನ್ ಹಿಡೀರಿ ಅಂತ ಹೇಳ್ತಿಲ್ಲ. ಮನೆ ಮೇಲೆ ವಾಲಿರೋ ಮರ, ಬುಡ ಪೊಳ್ಳಾದ ಮರ, ಕರೆಂಟ್ ಲೈನಿಗೆ ತಾಗಿರೋ ಮರ, ಇವು ಹೊಸಬರ ಕೆಲಸ ಅಲ್ಲವೇ ಅಲ್ಲ. ಹತ್ತಾರು ವರ್ಷದಿಂದ ಕಡೀತಿರೋರನ್ನ ಕರೆಸಿದ್ರೂ ಮಾಲೀಕರಾದ ನಿಮಗೆ ಈ ವಿಷಯ ಗೊತ್ತಿರ್ಲೇಬೇಕು, ಯಾಕಂದ್ರೆ "ಬೇಗ ಮುಗಿಸ್ರಪ್ಪ, ಮಳೆ ಬರತ್ತೆ" ಅಂತ ಅವಸರ ಮಾಡೋರು ಸಾಮಾನ್ಯವಾಗಿ ಮಾಲೀಕರೇ.

ಮೊದಲು ಮರಾನ ನೋಡಿ, ನಿಜವಾಗ್ಲೂ ಕಡೀಬೇಕಾ ಅಂತ

ಮರ ವಾಲಿದೆ ಅಂದ ಮಾತ್ರಕ್ಕೆ ಅಪಾಯ ಅಂತಲ್ಲ. ಬೆಳಕಿಗೋಸ್ಕರ ಚಿಕ್ಕಂದಿನಿಂದ ವಾಲಿ ಬೆಳೆದ ಮರದ ತುದಿ ಮತ್ತೆ ಮೇಲಕ್ಕೆ ನೆಟ್ಟಗಾಗಿರತ್ತೆ, ಬೇರು ಅದಕ್ಕೆ ತಕ್ಕ ಹಾಗೆ ಗಟ್ಟಿಯಾಗಿರತ್ತೆ. ಹೊಸದಾಗಿ ವಾಲಿದ್ದೇ ಬೇರೆ. ವಾಲಿದ ಕಡೆಗೆ ಎದುರಿನ ಬದಿಯ ಮಣ್ಣು ಉಬ್ಬಿರತ್ತೆ, ಬಿರುಕು ಬಿಟ್ಟಿರತ್ತೆ, ಬೇರು ಕಾಣಿಸ್ಕೊಂಡಿರತ್ತೆ. ಅಂಥ ಮರಕ್ಕೆ ಜಾಸ್ತಿ ದಿನ ಕಾಯೋ ಹಾಗಿಲ್ಲ.

ಬುಡದಲ್ಲಿ ಅಣಬೆ ಎದ್ದಿದ್ಯಾ ನೋಡಿ, ಅದ್ರಲ್ಲೂ ಹಲಗೆ ಹಾಗೆ ಗಟ್ಟಿಯಾಗಿ ಅಂಟ್ಕೊಂಡಿರೋ ಅಣಬೆ ಇದ್ರೆ ಬೇರು, ಬೊಡ್ಡೆ ಒಳಗಿಂದ ಕೊಳೀತಿದೆ ಅಂತ ಲೆಕ್ಕ. ಕೊಡಲಿ ತಿರುಗಿಸಿ ಅದರ ಬೆನ್ನಿಂದ ಬೊಡ್ಡೆ ಸುತ್ತ ತಟ್ಟಿ, ಗಟ್ಟಿ ಮರದ ಸದ್ದು ಚುರುಕಾಗಿರತ್ತೆ, ಪೊಳ್ಳು ಇದ್ದಲ್ಲಿ ದೊಪ್ ದೊಪ್ ಅಂತ ಕೇಳತ್ತೆ. ಒಂದೇ ಎತ್ತರದಲ್ಲಿ ತಟ್ಟಿ ಬಿಡೋದು ಸಾಮಾನ್ಯ ತಪ್ಪು, ನೆಲಮಟ್ಟದಿಂದ ಎದೆ ಎತ್ತರದ ತನಕ ಸುತ್ತಲೂ ತಟ್ಟಿ ಬಳಪದಲ್ಲಿ ಗುರುತು ಹಾಕಿ. ಒಳಗೆ ಪೊಳ್ಳಿದ್ದು ಸುತ್ತಲಿನ ಗಟ್ಟಿ ಕಟ್ಟಿಗೆ ತ್ರಿಜ್ಯದ ಮೂರರಲ್ಲೊಂದು ಭಾಗಕ್ಕಿಂತ ಕಮ್ಮಿ ಉಳಿದಿದ್ರೆ ಅಪಾಯ ಅಂತ ಮರದ ಪರೀಕ್ಷೆ ಮಾಡೋರು ಹೇಳ್ತಾರೆ, ಅಂದ್ರೆ 60 ಸೆಂ.ಮೀ. ಅಡ್ಡಳತೆಯ ಮರಕ್ಕೆ ಸುತ್ತಲೂ 10 ಸೆಂ.ಮೀ. ಆದ್ರೂ ಗಟ್ಟಿ ಇರ್ಬೇಕು.

ಆಮೇಲೆ ತಲೆ ಎತ್ತಿ ನೋಡಿ. ಒಣ ಗೆಲ್ಲು, ಮುರಿದು ನೇತಾಡೋ ಗೆಲ್ಲು, ಬಂದಣಿಕೆ ತುಂಬಿದ ಕೊಂಬೆ, ಪಕ್ಕದ ಮರಕ್ಕೆ ಹಬ್ಬಿರೋ ಬಳ್ಳಿ, ಹೆಜ್ಜೇನು, ಕಣಜದ ಗೂಡು. ಬಳ್ಳಿನ ಜನ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ಹೆಬ್ಬೆರಳು ಗಾತ್ರದ ಬಳ್ಳಿ ಸಾಕು ಬೀಳ್ತಿರೋ ಮರದ ದಿಕ್ಕು ತಪ್ಪಿಸೋಕೆ, ಇಲ್ಲಾ ಪಕ್ಕದ ಮರದ ಒಣ ತುದಿನ ಕಿತ್ತು ನಿಮ್ಮ ತಲೆ ಮೇಲೆ ಹಾಕೋಕೆ. ಒಣಗಿ ನಿಂತ ಮರದಲ್ಲಂತೂ ಮೆಷಿನ್ ಅದುರಿಗೇ ಮೇಲಿನ ಗೆಲ್ಲು ಕಳಚಿ ಬೀಳತ್ತೆ. ಹೆಜ್ಜೇನು ಇದ್ರೆ ಆ ದಿನ ಕೆಲಸ ಇಲ್ಲ, ಮೊದಲು ಜೇನಿನೋರನ್ನ ಕರೆಸಿ.

ಇಷ್ಟೆಲ್ಲ ನೋಡಿದ ಮೇಲೆ ಬರೀ ಮನೆ ಮೇಲಿನ ಎರಡು ಗೆಲ್ಲು ತೆಗೆದ್ರೆ ಸಾಕು ಅಂತ ಕಂಡ್ರೆ ಅಷ್ಟೇ ಮಾಡಿ, ನೂರು ವರ್ಷದ ಹಲಸಿನ ಮರಾನ ಭಯಕ್ಕೆ ಬುಡಸಮೇತ ತೆಗೆಯೋದು ನನಗೆ ಸಂಕಟ ಆಗೋ ವಿಷಯ. ಹಾಗಂತ ತಲೆ ಪೂರ್ತಿ ಬೋಳಿಸ್ಬೇಡಿ, ಬೋಳಿಸಿದ ಜಾಗದಲ್ಲಿ ಕೊಳೆ ಶುರುವಾಗತ್ತೆ, ಅಲ್ಲಿಂದ ಹೊಡೆಯೋ ಹೊಸ ಚಿಗುರು ಗಟ್ಟಿಯಾಗಿ ಕಚ್ಕೊಂಡಿರಲ್ಲ, ದಪ್ಪ ಆದಮೇಲೆ ಗಾಳಿಗೆ ಸಿಗಿದು ಬೀಳತ್ತೆ.

ಪರ್ಮಿಷನ್, ಕರೆಂಟು

ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮದೇ ಜಾಗದ ಮರ ಆದ್ರೂ ಹೆಚ್ಚಿನ ಜಾತಿಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ತೆಂಗು, ರಬ್ಬರ್ ಥರದ ಕೆಲವಕ್ಕೆ ವಿನಾಯಿತಿ ಇದೆ, ಆದ್ರೂ ನಿಮ್ಮ ರೇಂಜ್ ಆಫೀಸಲ್ಲಿ ಒಂದು ಮಾತು ಕೇಳ್ಕೊಳ್ಳಿ. ಗಂಧ, ಬೀಟೆ, ತೇಗ ಅಂದ್ರೆ ಕೇಳದೆ ಮುಟ್ಲೇಬೇಡಿ. ಅರ್ಜಿ ಜೊತೆ ಮರ ಮನೆ ಕಡೆ ವಾಲಿರೋದು, ಬುಡದ ಬಿರುಕು ಎಲ್ಲ ಕಾಣೋ ಫೋಟೋ ಕೊಡಿ.

ಲೈನ್ ಹತ್ರ ಇದ್ರೆ ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂ ಯಾವುದು ನಿಮ್ಮದೋ ಅವರಿಗೆ ಹೇಳಿ ಲೈನ್ ಆಫ್ ಮಾಡಿಸಿ, 1912ಕ್ಕೆ ಫೋನ್ ಮಾಡಬಹುದು. ಲೈನ್‌ಮನ್ ಸ್ಥಳದಲ್ಲಿ ನಿಂತು ಆಫ್ ಆಗಿದೆ ಅಂದಮೇಲೆ ಮಾತ್ರ ಶುರು ಮಾಡಿ, ಮನೇಲಿ ಫ್ಯಾನ್ ನಿಂತಿದೆ ಅಂತ 11 ಕೆ.ವಿ. ಲೈನ್ ಆಫ್ ಆಗಿದೆ ಅಂತ ನಂಬ್ಬೇಡಿ, ಅವೆರಡೂ ಬೇರೆ ಬೇರೆ. ಹಸಿ ಗೆಲ್ಲು, ಒದ್ದೆ ಹಗ್ಗ ಎರಡರಲ್ಲೂ ಕರೆಂಟು ಹರಿಯತ್ತೆ.

ಎತ್ತರ, ಭಾರ, ಬೀಳೋ ದಿಕ್ಕು

ಎತ್ತರಾನ ಕಣ್ಣಂದಾಜಲ್ಲಿ ಹೇಳೋರು ಹೆಚ್ಚಾಗಿ ಕಮ್ಮಿನೇ ಹೇಳ್ತಾರೆ. ಕೈ ನೇರ ಚಾಚಿದಾಗ ಕಣ್ಣಿಂದ ಮುಷ್ಟಿ ತನಕ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲು ಮುಷ್ಟಿ ಮೇಲೆ ನೆಟ್ಟಗೆ ನಿಲ್ಲೋ ಹಾಗೆ ಹಿಡೀರಿ, ಸಮತಟ್ಟು ಜಾಗದಲ್ಲಿ ಹಿಂದೆ ಹಿಂದೆ ಹೋಗಿ ಕೋಲಿನ ಬುಡ ಮರದ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಸರಿಹೊಂದೋ ಜಾಗದಲ್ಲಿ ನಿಲ್ಲಿ. ಅಲ್ಲಿಂದ ಮರದ ತನಕ ಎಷ್ಟು ದೂರವೋ ಮರ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಕೊಯ್ಯೋರನ್ನ ಬಿಟ್ಟು ಯಾರೂ ಇರಬಾರ್ದು, ಮಕ್ಕಳು, ದನ, ನಾಯಿ, ವಿಡಿಯೋ ಮಾಡೋರು ಯಾರೂ.

ಭಾರದ ಅಂದಾಜೂ ಬೇಕು. ಹಸಿ ಕಟ್ಟಿಗೆ ಒಂದು ಘನ ಮೀಟರಿಗೆ ಸುಮಾರು 800ರಿಂದ 1000 ಕೆ.ಜಿ. ತೂಗತ್ತೆ. ಹಾಗಾಗಿ 60 ಸೆಂ.ಮೀ. ದಪ್ಪ, ಬರೀ ಒಂದು ಮೀಟರ್ ಉದ್ದದ ತುಂಡು ಕಾಲು ಟನ್ ಹತ್ರ ಬರತ್ತೆ. ಮೇಲಿಂದ ತುಂಡು ತುಂಡಾಗಿ ಇಳಿಸುವಾಗ "ಸಣ್ಣ ತುಂಡಲ್ವಾ, ಕೈಯಲ್ಲೇ ಹಗ್ಗ ಹಿಡೀತೀನಿ" ಅನ್ನೋರಿಗೆ ಈ ಲೆಕ್ಕ ಹೇಳಿ. ಹಗ್ಗಾನ ಪಕ್ಕದ ಗಟ್ಟಿ ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಸ್ವಲ್ಪ ಸ್ವಲ್ಪ ಬಿಡ್ತಾ ಹೋಗ್ಬೇಕು, ಕೈಗೆ, ಸೊಂಟಕ್ಕೆ ಯಾವತ್ತೂ ಸುತ್ಕೋಬಾರ್ದು.

ದಿಕ್ಕು ನೋಡೋಕೆ ಮರದಿಂದ ದೂರ ಹೋಗಿ ಎರಡು ಕಡೆಯಿಂದ, ಒಂದಕ್ಕೊಂದು ಅಡ್ಡ ಕೋನದಲ್ಲಿ ನಿಂತು ನೋಡಿ. ಕಾಂಡ ನೆಟ್ಟಗಿದ್ರೂ ಗೆಲ್ಲೆಲ್ಲ ಒಂದೇ ಬದಿಗಿದ್ರೆ ಮರದ ಮನಸ್ಸು ಆ ಕಡೆಗೇ. ಮನೆ ಪಕ್ಕದ ಮಾವಿನ ಮರದಲ್ಲಿ ಇದು ತುಂಬಾ ಕಾಣತ್ತೆ, ಗೋಡೆ ಕಡೆ ಗೆಲ್ಲು ಕಡಿದು ಕಡಿದು ಭಾರ ಪೂರ್ತಿ ಅಂಗಳದ ಕಡೆ ಹೋಗಿರತ್ತೆ. ಮರ ತಾನಾಗಿ ಬೀಳೋ ದಿಕ್ಕಿಗೇ ಬೀಳಿಸೋದು ಸುಲಭ, ಪಕ್ಕಕ್ಕೆ ಸ್ವಲ್ಪ ತಿರುಗಿಸಬಹುದು, ಪೂರ್ತಿ ಮನೆ ಮೇಲೆ ವಾಲಿರೋದನ್ನ ಬರೀ ಹಗ್ಗದಲ್ಲಿ ಎಳೆದು ಎದುರು ದಿಕ್ಕಿಗೆ ಹಾಕ್ತೀನಿ ಅನ್ನೋದು ಜೂಜು. ಅಂಥದ್ದಕ್ಕೆ ಮೇಲೆ ಹತ್ತಿ ಗೆಲ್ಲು ಇಳಿಸೋ ಅನುಭವಸ್ಥರು ಬೇಕು, ಗಾಡಿ ಹೋಗೋ ಜಾಗ ಇದ್ರೆ ಕ್ರೇನ್ ಬೇಕು. ಕಾಂಡ ಕೊಳೆತಿದ್ರೆ ಹತ್ತೋದೂ ಇಲ್ಲ. ಕೆಲಸ ಗಾಳಿ ಇಲ್ಲದ ಬೆಳಿಗ್ಗೆ ಹೊತ್ತಲ್ಲಿ, ಆದಷ್ಟು ಮಾರ್ಚ್ ಒಳಗೇ ಮುಗಿಸಿ, ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನದ ಮೇಲೆ ಗುಡುಗು ಗಾಳಿ ಯಾವಾಗ ಏಳತ್ತೆ ಹೇಳೋಕಾಗಲ್ಲ.

ಹಗ್ಗ, ಜನ, ಓಡೋ ದಾರಿ

ಎಳೆಯೋ ಹಗ್ಗ ಮರದ ಎತ್ತರದ ಮೂರರಲ್ಲಿ ಎರಡು ಭಾಗದಷ್ಟು ಮೇಲೆ ಕಟ್ಟಿ, ಕೆಳಗೆ ಕಟ್ಟಿದ್ರೆ ಎಷ್ಟು ಜನ ಎಳೆದ್ರೂ ಪ್ರಯೋಜನ ಕಮ್ಮಿ. ಹಗ್ಗ ಮರಕ್ಕಿಂತ ಚೆನ್ನಾಗಿ ಉದ್ದ ಇರ್ಬೇಕು, ಮರ ಬೀಳೋ ದಾರೀಲೇ ನಿಂತು ಎಳೆಯೋದು ನಮ್ಮ ಕಡೆ ನಾನು ನೋಡೋ ತಪ್ಪುಗಳಲ್ಲೇ ದೊಡ್ಡದು. ದೂರದ ಗಟ್ಟಿ ಮರದ ಬುಡಕ್ಕೆ ಕಪ್ಪಿ ಕಟ್ಟಿ ಹಗ್ಗ ತಿರುಗಿಸಿದ್ರೆ ಎಳೆಯೋರು ಪಕ್ಕಕ್ಕೆ ನಿಲ್ಲಬಹುದು. ಜೀಪು, ಟ್ರ್ಯಾಕ್ಟರಲ್ಲಿ ಎಳೆಯೋದು ಬೇಡ, ಡ್ರೈವರಿಗೆ ಎಷ್ಟು ಬಿಗಿ ಬಿದ್ದಿದೆ ಅಂತ ಗೊತ್ತಾಗಲ್ಲ, ಹಿಂದಿನ ಕೊಯ್ತ (ಮರ ಬೀಳೋ ಬದಿಗೆ ಎದುರು ಬದಿಯಿಂದ ಹಾಕೋ ಕೊಯ್ತ) ಮುಗಿಯೋ ಮೊದಲೇ ಜಗ್ಗಿದ್ರೆ ಕಾಂಡ ನಡುವೆ ಸೀಳತ್ತೆ. ಕೈಯಲ್ಲೇ ನಡೆಸಿ ಹಗ್ಗ ಎಳೆಯೋ ವಿಂಚ್ ನಿಧಾನ, ಆದ್ರೆ ಹಿಡಿತದಲ್ಲಿರತ್ತೆ. ಬಿಸಿಲಲ್ಲಿ ಬಿದ್ದಿದ್ದ ಹಳೇ ಬಾವಿ ಹಗ್ಗ ಈ ಕೆಲಸಕ್ಕೆ ಬರಲ್ಲ.

ಮೆಷಿನ್ ಹಿಡಿಯೋರಿಗೆ ಹೆಲ್ಮೆಟ್, ಮುಖದ ಜಾಲರಿ, ಕಿವಿ ಮುಚ್ಚಿಗೆ, ಚೈನ್ ತಾಗಿದ್ರೂ ತಡೆಯೋ ಕಾಲ್ಗವಚ, ಗಟ್ಟಿ ಬೂಟು. ಲುಂಗಿ, ಹವಾಯಿ ಚಪ್ಪಲಿಲಿ ಬಂದೋರಿಗೆ ಕೆಲಸ ಕೊಡ್ಬೇಡಿ, ಬೇಕಾದ್ರೆ ನೀವೇ ಸೇಫ್ಟಿ ಸಾಮಾನು ತರಿಸಿಡಿ, ಆಸ್ಪತ್ರೆ ಖರ್ಚಿಗಿಂತ ಕಮ್ಮಿನೇ. ಕಿವಿ ಮುಚ್ಚಿದ್ರೆ ಕೂಗು ಕೇಳಲ್ಲ, ಅದಕ್ಕೆ ಸೀಟಿ ಮತ್ತೆ ಕೈಸನ್ನೆ ಮೊದಲೇ ಮಾತಾಡ್ಕೊಳ್ಳಿ. ನಿಲ್ಸು ಅನ್ನೋ ಅಧಿಕಾರ ಎಲ್ಲರಿಗೂ ಇರ್ಲಿ, ಸೋಗೆ ಎಳೆಯೋಕೆ ಬಂದ ಹುಡುಗ ಸೀಟಿ ಹೊಡೆದ್ರೂ ಮೆಷಿನ್ ನಿಲ್ಬೇಕು. ರಕ್ತ ನಿಲ್ಸೋಕೆ ದಪ್ಪ ಬ್ಯಾಂಡೇಜು ಹತ್ರ ಇರ್ಲಿ, ಒಂದು ಗಾಡಿ ರಸ್ತೆ ಕಡೆ ಮುಖ ಮಾಡಿ ನಿಲ್ಸಿ, 108 ನಂಬರ್ ಹತ್ತೋ ಜಾಗ ಯಾವುದು ಅಂತ ಮೊದಲೇ ನೋಡಿಟ್ಕೊಳ್ಳಿ, ತೋಟದ ಕೆಳಗೆ ನೆಟ್‌ವರ್ಕ್ ಇರಲ್ಲ.

ಓಡೋ ದಾರಿ ಎರಡು ಮಾಡಿ, ಮರ ಬೀಳೋ ದಿಕ್ಕಿಗೆ ಎದುರಾಗಿ ಹಿಂದಕ್ಕೆ, ಆದ್ರೆ ನೇರ ಹಿಂದೆ ಬೇಡ, ಎಡಕ್ಕೂ ಬಲಕ್ಕೂ 45 ಡಿಗ್ರಿ ಓರೆಯಾಗಿ. ನೇರ ಹಿಂದೆ ನಿಂತ್ರೆ ಬುಡ ಜಾರಿ ಒದೆಯತ್ತೆ. ಕುರುಚಲು, ಬಳ್ಳಿ, ಕಲ್ಲು ಎಲ್ಲ ತೆಗೆದು, ಮೆಷಿನ್ ಶುರು ಮಾಡೋ ಮೊದಲು ಒಂದ್ಸಲ ಆ ದಾರೀಲಿ ನಡೆದು ನೋಡಿ.

ಮುಂದಿನ ಕಚ್ಚು

ಮರ ಬೀಳೋ ಬದಿಗೆ ಮೊದಲು ಕಚ್ಚು ಹಾಕೋದು, ಅಂದ್ರೆ ಬಾಯಿ ತೆರೆದ ಹಾಗೆ ಒಂದು ಹೋಳು ಕೊಯ್ದು ತೆಗೆಯೋದು. ಆಳ ಮರದ ದಪ್ಪದ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಭಾಗ, 60 ಸೆಂ.ಮೀ. ಮರಕ್ಕೆ 12ರಿಂದ 15 ಸೆಂ.ಮೀ. ಬಾಯಿ ಅಗಲ 70 ಡಿಗ್ರಿ ಅಥವಾ ಜಾಸ್ತಿ. ಹಳಬರು 45 ಡಿಗ್ರಿ ಹಾಕ್ತಾರೆ, ಅದು ಮರ ಅರ್ಧ ಬಗ್ಗೋ ಹೊತ್ತಿಗೇ ಬಾಯಿ ಮುಚ್ಕೊಳ್ಳತ್ತೆ, ಅಲ್ಲಿಗೆ ಕೀಲು ಮುರಿದು ಮರ ಹಿಡಿತ ತಪ್ಪತ್ತೆ. ಅಗಲ ಬಾಯಿ ಇದ್ರೆ ಮರ ನೆಲ ಮುಟ್ಟೋ ತನಕ ಹಿಡಿತ ಇರತ್ತೆ.

ಕೀಲು ಅಂದೆನಲ್ಲ, ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಬಿಡೋ ಪಟ್ಟಿ ಅದು, ಬಾಗಿಲಿನ ಕೀಲು ಮಾಡೋ ಕೆಲಸಾನೇ ಮಾಡತ್ತೆ, ಮರಾನ ಒಂದೇ ದಿಕ್ಕಿಗೆ ತಿರುಗಿಸತ್ತೆ. ಇಡೀ ಕೆಲಸದಲ್ಲಿ ನಿಮ್ಮ ಕೈಲಿರೋ ಲಗಾಮು ಇದೊಂದೇ. ಕೀಲಿನ ದಪ್ಪ ಮರದ ಅಡ್ಡಳತೆಯ ಹತ್ತರಲ್ಲೊಂದು ಭಾಗ, ಅಂದ್ರೆ ನಮ್ಮ 60 ಸೆಂ.ಮೀ. ಮರಕ್ಕೆ 6 ಸೆಂ.ಮೀ., ಉದ್ದ ಮರದ ಅಡ್ಡಳತೆಯ ಶೇ. 80ರಷ್ಟು, ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ.

ಕಚ್ಚಿನ ಮೇಲಿನ ಗೆರೆ ಕೆಳಗಿನ ಗೆರೆ ಒಂದೇ ಜಾಗದಲ್ಲಿ ಸೇರ್ಬೇಕು. ಒಂದು ಕೊಯ್ತ ಮುಂದೆ ಹೋಗಿ ಕೀಲಿನೊಳಗೆ ನುಗ್ಗಿದ್ರೆ ಮರ ಸ್ವಲ್ಪ ಬಗ್ಗುತ್ತಲೇ ಅಲ್ಲಿ ಬಾಯಿ ಮುಚ್ಚಿ ಕೀಲು ಪಟ್ ಅಂತ ಹೋಗತ್ತೆ. ಹಾಗಾದ್ರೆ ಕಚ್ಚನ್ನ ಸ್ವಲ್ಪ ಆಳ ಮಾಡಿ ಸರಿಮಾಡ್ಕೊಳ್ಳಿ, ಹಿಂದಿನ ಕೊಯ್ತ ಶುರು ಮಾಡೋ ಮೊದಲೇ. ದಿಕ್ಕನ್ನೂ ಆಗಲೇ ಪರೀಕ್ಷೆ ಮಾಡಿ, ಕಚ್ಚಿನ ಗೆರೆಗೆ ಅಡ್ಡವಾಗಿ ಕೋಲು ಇಟ್ಟು ಎತ್ತ ತೋರಿಸತ್ತೆ ನೋಡಿ. 20 ಮೀಟರ್ ಮರದಲ್ಲಿ ಕಚ್ಚು 5 ಡಿಗ್ರಿ ತಿರುಗಿದ್ರೆ ತುದಿ ಪೌಣೆರಡು ಮೀಟರ್ ಆಚೆ ಬೀಳತ್ತೆ, 10 ಡಿಗ್ರಿಗೆ ಮೂರೂವರೆ ಮೀಟರ್, ಕೊಟ್ಟಿಗೆ ಮಾಡು ಹೋಗೋಕೆ ಅಷ್ಟು ಸಾಕು.

ಹಿಂದಿನ ಕೊಯ್ತ

ಅಗಲ ಬಾಯಿ ಕಚ್ಚಾದ್ರೆ ಹಿಂದಿನ ಕೊಯ್ತ ಕಚ್ಚಿನ ಮೂಲೆ ಮಟ್ಟದಲ್ಲೇ, 45 ಡಿಗ್ರಿ ಕಚ್ಚಾದ್ರೆ ಎರಡು ಬೆರಳಗಲ ಮೇಲೆ. ಎರಡರಲ್ಲೂ ಕೊಯ್ತ ಮಟ್ಟಸ ಇರ್ಬೇಕು, ಇಳಿಜಾರಾಗಿ ಕೊಯ್ದ್ರೆ ಕೀಲು ಎಲ್ಲಿದೆ ಅಂತ ನಿಮಗೇ ಗೊತ್ತಾಗಲ್ಲ. ಮೆಷಿನ್ ಒಳಗೆ ಹೋಗುತ್ತಲೇ ಹಿಂದೆ ಬೆಣೆ ಹೊಡೀರಿ, ಪ್ಲಾಸ್ಟಿಕ್ ಬೆಣೆ ಒಳ್ಳೇದು, ಕಬ್ಬಿಣದ್ದು ಚೈನಿಗೆ ತಾಗಿದ್ರೆ ಚೂರು ಹಾರತ್ತೆ. ಬೆಣೆ ಇಲ್ಲದೆ ಕೊಯ್ದು ಮರ ಹಿಂದಕ್ಕೆ ಕೂತು ಮೆಷಿನ್ ಕಚ್ಕೊಂಡ್ರೆ ಆಮೇಲೆ ಮಾಡೋದೆಲ್ಲ ಒದ್ದಾಟ.

ಮುಂದಕ್ಕೆ ಜೋರಾಗಿ ವಾಲಿದ ಮರದಲ್ಲಿ ಹಿಂದಿಂದ ಕೊಯ್ತಾ ಬಂದ್ರೆ ಅರ್ಧಕ್ಕೇ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಹಿಂಭಾಗ ಮೇಲಕ್ಕೆ ಚಿಮ್ಮತ್ತೆ, ಕೊಯ್ತಿರೋರ ಎದೆ ಮುಖದ ಮಟ್ಟಕ್ಕೆ. ನೀಲಗಿರಿ, ಅಕೇಶಿಯಾದಂಥ ಸಿಗಿಯೋ ಮರದಲ್ಲಿ ಇನ್ನೂ ಜಾಗ್ರತೆ. ಇದಕ್ಕೆ ದಾರಿ ಏನಂದ್ರೆ ಕಚ್ಚು ಹಾಕಿ, ಕೀಲು ಬಿಟ್ಟು ಅದರ ಹಿಂದೆ ಮೆಷಿನ್ ಬಾರಿನ (ಚೈನ್ ಸುತ್ತೋ ಉದ್ದ ಪಟ್ಟಿಯ) ಮೂತಿಯಿಂದ ಮರದೊಳಗೆ ತೂರಿಸಿ ನಡು ಪೂರ್ತಿ ಕೊಯ್ದು, ತೀರಾ ಹಿಂದೆ ಒಂದು ಪಟ್ಟಿ ಹಾಗೇ ಬಿಡೋದು, ಎಲ್ಲ ಸರಿ ಇದೆ ಅಂತ ನೋಡಿ ಆ ಪಟ್ಟಿನ ಕೊನೇಲಿ ಕಡಿಯೋದು. ತೂರಿಸುವಾಗ ಮೂತಿಯ ಕೆಳಭಾಗದಿಂದ ಶುರು ಮಾಡ್ಬೇಕು, ಮೇಲಿನ ಕಾಲು ಭಾಗ ಮರಕ್ಕೆ ತಾಗಿದ್ರೆ ಮೆಷಿನ್ ನಿಮ್ಮ ಮುಖಕ್ಕೇ ತಿರುಗಿ ಹಾರತ್ತೆ. ಇದನ್ನ ಬಿದ್ದ ದಿಮ್ಮಿ ಮೇಲೆ ಕಲ್ತು ಕೈ ಕೂರೋ ತನಕ ನಿಂತ ಮರದ ಮೇಲೆ ಮಾಡ್ಲೇಬೇಡಿ.

ಒಳಗೆ ಕೊಳೆತ ಮರದಲ್ಲಿ ಕೀಲಿನ ನಡುಭಾಗ ಇರೋದೇ ಇಲ್ಲ, ಎರಡು ಅಂಚು ಮಾತ್ರ. ಕೊಯ್ಯುವಾಗ ಹಳದಿ ಹೊಟ್ಟಿನ ಬದಲು ಕಂದು ಪುಡಿ ಬಂದ್ರೆ ನಿಲ್ಸಿ. ತಟ್ಟಿ ಗುರುತು ಹಾಕಿದ್ದು ನೋಡ್ಕೊಂಡು ಗಟ್ಟಿ ಮರ ಸಿಗೋ ಎತ್ತರದಲ್ಲಿ ಕೊಯ್ಯೋದಾ, ಇಲ್ಲಾ ವಿಂಚಲ್ಲಿ ದೂರದಿಂದ ಎಳೆಯೋದಾ ಅಂತ ಮತ್ತೆ ಯೋಚನೆ ಮಾಡಿ. ತೆಂಗು, ಬೈನೆಗೆ ಈ ಕೀಲಿನ ಲೆಕ್ಕ ಸರಿಯಾಗಿ ನಡೆಯಲ್ಲ, ಹೊರಗೆ ಗಟ್ಟಿ ಒಳಗೆ ಮೆತ್ತಗಿರೋ ನಾರು ಅವು, ಮನೆ ಹತ್ರ ಇದ್ರೆ ಮೇಲಿಂದ ತುಂಡು ಮಾಡೋದೇ ಸರಿ.

ಮರ ಕದಲುತ್ತಲೇ ಓಡೋ ದಾರೀಲಿ ಕನಿಷ್ಠ ಐದಾರು ಮೀಟರ್ ಹಿಂದೆ ಹೋಗಿ, ಕಣ್ಣು ಮೇಲೇ ಇರ್ಲಿ. ಇನ್ನೊಂಚೂರು ಕೊಯ್ಯೋಣ ಅಂತ ನಿಲ್ಬೇಡಿ. ಬಿದ್ದ ಮೇಲೂ ಸ್ವಲ್ಪ ಹೊತ್ತು ಯಾರೂ ಹತ್ರ ಹೋಗೋದು ಬೇಡ, ಪಕ್ಕದ ಮರದಲ್ಲಿ ಸಿಕ್ಕ ಗೆಲ್ಲು ಆಮೇಲೆ ಬೀಳತ್ತೆ.

ಪಕ್ಕದ ಮರಕ್ಕೆ ಒರಗಿ ನಿಂತ್ರೆ ಏನು ಮಾಡೋದು ಅನ್ನೋದಕ್ಕಿಂತ ಏನು ಮಾಡಬಾರ್ದು ಅನ್ನೋದು ಮುಖ್ಯ. ಅದರಡಿ ಹೋಗಬಾರ್ದು, ಆಸರೆ ಕೊಟ್ಟ ಮರ ಕಡೀಬಾರ್ದು, ಇನ್ನೊಂದು ಮರ ಅದರ ಮೇಲೆ ಬೀಳಿಸಬಾರ್ದು, ಹತ್ತಬಾರ್ದು, ಊಟಕ್ಕೆ ಅಂತ ಹಾಗೇ ಬಿಟ್ಟು ಹೋಗಬಾರ್ದು. ದೂರದಿಂದ ವಿಂಚ್ ಹಾಕಿ ಬುಡಾನ ಹಿಂದಕ್ಕೆ ಎಳೀರಿ. ಆಗ್ಲಿಲ್ಲ ಅಂದ್ರೆ ಸುತ್ತ ಹಗ್ಗ ಕಟ್ಟಿ ಒಬ್ಬರನ್ನ ಕಾವಲಿಟ್ಟು ದೊಡ್ಡ ಮೆಷಿನ್ ತರಿಸಿ.

ಈಗ ಮೋಟು ನೋಡಿ

ಸೋಗೆ, ಸೊಪ್ಪು ಎಳೆಯೋ ಮೊದಲೇ ಇದಕ್ಕೆ ಹತ್ತು ನಿಮಿಷ ಕೊಡಿ. ಮೋಟಿನ ಮೇಲೆ ಟೇಪ್ ಇಟ್ಟು ಮೇಲಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೀರಿ, ಬಿದ್ದ ಮರದ ಬುಡದ್ದೂ ಒಂದು ತೆಗೀರಿ.

ಕೀಲಿನ ಪಟ್ಟಿ ಎರಡು ತುದಿಯಲ್ಲೂ ಒಂದೇ ದಪ್ಪ ಇದ್ಯಾ? ಒಂದು ತುದಿ ದಪ್ಪ ಇನ್ನೊಂದು ತೆಳು ಇದ್ರೆ ಮರ ದಪ್ಪ ತುದಿ ಕಡೆಗೇ ಎಳೆದಿರತ್ತೆ, ತುದಿ ಎಲ್ಲಿ ಬಿದ್ದಿದೆ ನೋಡಿ, ಹೊಂದತ್ತೆ. ಹಾಗಾಗೋಕೆ ಕಾರಣ ಹೆಚ್ಚಾಗಿ ಕೊಯ್ಯೋರು ಆಚೆ ಬದಿ ನೋಡದೇ ಇದ್ದಿದ್ದು, ಮುಂದಿನ ಸಲ ಆಚೆ ಬದಿಗೂ ಮೊದಲೇ ಬಳಪದ ಗೆರೆ ಹಾಕಿ. ಪಟ್ಟಿನೇ ಇಲ್ಲ, ಪೂರ್ತಿ ಕೊಯ್ದುಹೋಗಿದೆ ಅಂದ್ರೆ ಮರ ಸರಿಯಾದ ಕಡೆ ಬಿದ್ದಿದ್ರೂ ಅದು ಅದೃಷ್ಟ. ನಾರು ಮೊಳದುದ್ದ ಕಿತ್ಕೊಂಡು ಬಂದಿದ್ರೆ ಕೀಲು ದಪ್ಪ ಆಗಿತ್ತು ಅಥವಾ ಬೇಗ ಎಳೆದ್ರು, ಅದು ಸೀಳೋದಕ್ಕೆ ಹತ್ರ ಹೋಗಿತ್ತು ಅನ್ನೋ ಸೂಚನೆ. ನಾರೇ ಇಲ್ಲದೆ ಚಕ್ ಅಂತ ಮುರಿದಿದ್ರೆ ಒಣಗಿತ್ತು, ಇಲ್ಲಾ ಲಡ್ಡು.

ಕಚ್ಚಿನ ಮೂಲೇಲಿ ಒಂದು ಗೆರೆ ಒಳಗೆ ಮುಂದುವರೆದಿದ್ಯಾ ಬೆರಳಿಟ್ಟು ನೋಡಿ. ಹಿಂದಿನ ಕೊಯ್ತ ಮಟ್ಟ ಇದ್ಯಾ, ಮೂಲೆಗಿಂತ ಕೆಳಗೆ ಹೋಗಿದ್ಯಾ? ಆಮೇಲೆ ಕೊಳೆ ಎಷ್ಟಿದೆ ಅಳೆದು, ತಟ್ಟಿ ಹಾಕಿದ್ದ ಬಳಪದ ಗುರುತಿನ ಜೊತೆ ಹೋಲಿಸಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಪಾಠ ಇಲ್ಲ, ಕಿವಿಗೆ ಕೇಳಿದ ಸದ್ದು, ಒಳಗೆ ಇದ್ದ ಪೊಳ್ಳು ಎರಡೂ ಒಂದೇ ಸಲ ಎದುರಿಗೆ ಸಿಗೋದು ಇಲ್ಲೇ.

ಅವತ್ತೇ, ಚಾ ಕುಡಿಯೋ ಹೊತ್ತಿಗೆ, ಎಲ್ಲರೂ ಏನು ನೋಡಿದ್ರು ಅಂತ ಹೇಳ್ಲಿ. ಯಾರ ತಪ್ಪು ಅಂತ ಶುರು ಮಾಡಿದ್ರೆ ಯಾರೂ ಬಾಯಿ ಬಿಡಲ್ಲ, ಹಗ್ಗ ಯಾವಾಗ ಬಿಗಿಯಾಯ್ತು, ಗೆಲ್ಲು ಯಾವಾಗ ಬಿತ್ತು, ಸೀಟಿ ಕೇಳ್ತಾ ಅಂತ ಕೇಳಿ. ಕೂದಲೆಳೆಯಲ್ಲಿ ತಪ್ಪಿದ್ದನ್ನ "ಏನಾಗ್ಲಿಲ್ವಲ್ಲ ಬಿಡಿ" ಅಂತ ಬಿಡ್ಬೇಡಿ, ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ತೋಟದಲ್ಲಿ ಹೇಗೂ ತೆಗೀಬೇಕಾದ ಸಣ್ಣ ಸಿಲ್ವರ್ ಓಕ್, ಅಕೇಶಿಯಾ ಇದ್ರೆ ಅದರಲ್ಲಿ ಅಭ್ಯಾಸ ಮಾಡಿ, ಬೀಳೋ ದಾರೀಲಿ ಗೂಟ ನೆಟ್ಟು ಕಾಂಡ ಅದರ ಮೇಲೇ ಬೀಳತ್ತಾ ನೋಡಿ, ಪ್ರತಿ ಸಲ ಗೂಟದಿಂದ ಎಷ್ಟು ದೂರ ತಪ್ಪಿತು, ಕೀಲು ಎಷ್ಟಿತ್ತು ಬರೀತಾ ಹೋದ್ರೆ ನಿಮ್ಮ ಕೈ ಯಾವ ಕಡೆ ಎಳೆಯತ್ತೆ ಅಂತ ಬೇಗ ತಿಳಿಯತ್ತೆ.

ಗಾಳಿಗೆ ಬುಡಸಮೇತ ಬಿದ್ದ ಮರ

ಇದನ್ನ ಜನ ಸುಲಭ ಅಂದ್ಕೊಳ್ತಾರೆ, ಬಿದ್ದಾಗಿದೆಯಲ್ಲ ಅಂತ. ಕಾಂಡ ಕೊಯ್ದ ಕ್ಷಣಕ್ಕೆ ಬೇರಿನ ಗಡ್ಡೆ ಮಣ್ಣು ಸಮೇತ ವಾಪಸ್ ಗುಂಡಿಗೆ ಎದ್ದು ಕೂರತ್ತೆ, ಗುಂಡಿ ಹತ್ರ ನಿಂತಿರೋರು ಅದರಡಿಗೆ ಹೋಗ್ತಾರೆ. ಕೊಯ್ಯೋ ಮೊದಲು ಗಡ್ಡೆಗೆ ಹಗ್ಗ ಕಟ್ಟಿ ಗಟ್ಟಿ ಮರಕ್ಕೆ ಬಿಗೀರಿ, ಆಗ್ಲಿಲ್ಲ ಅಂದ್ರೆ ಗಡ್ಡೆಯಿಂದ ದೂರಕ್ಕೆ, ಉದ್ದ ಕಾಂಡ ಉಳಿಸಿ ಕೊಯ್ಯಿರಿ, ಆ ಭಾರ ಗಡ್ಡೆನ ತಡೀತಿರತ್ತೆ. ಬಗ್ಗಿ ಸಿಕ್ಕಿರೋ ಗೆಲ್ಲಲ್ಲಿ ಒಂದು ಬದಿ ಎಳೆತ, ಒಂದು ಬದಿ ಒತ್ತಡ ಇರತ್ತೆ, ಮೊದಲು ಒತ್ತಡದ ಬದಿಗೆ ಸ್ವಲ್ಪ ಕೊಯ್ದು ಆಮೇಲೆ ಎಳೆತದ ಬದಿಯಿಂದ ನಿಧಾನ ಬಿಡಿಸಿ, ನಿಲ್ಲೋದು ಯಾವತ್ತೂ ಗೆಲ್ಲು ಚಿಮ್ಮದ ಕಡೆಗೆ. ಇಳಿಜಾರಾದ್ರೆ ಮೇಲಿನ ಬದಿಗೆ ನಿಲ್ಲಿ. ತಂತಿ ಹರಿದು ನೆಲಕ್ಕೆ ಬಿದ್ದಿದ್ರೆ ಹತ್ತು ಮೀಟರ್ ದೂರಕ್ಕೇ ಎಲ್ಲರನ್ನೂ ನಿಲ್ಸಿ, ಒದ್ದೆ ನೆಲದಲ್ಲಿ ಕರೆಂಟು ಹರಡಿರತ್ತೆ, ಲೈನ್‌ಮನ್ ಬಂದು ಹೇಳೋ ತನಕ ಯಾರೂ ಮರ ಮುಟ್ಟೋದು ಬೇಡ, ರಸ್ತೆ ಬಂದ್ ಆದ್ರೂ ಪರವಾಗಿಲ್ಲ.